ಇಳಿಯದ ಹಾಲು

ಹೇಳಿದರೆ ಹಾಲು ನಿಂತುಹೋಗುತ್ತದೆ ಎಂದು ಎಲ್ಲರೂ ಹೆದರುತ್ತಿದ್ದಾರೆ. ಆದರೆ ಹೇಳದೇ ಇರುವುದರಿಂದಲೇ ನಿಂತಿದ್ದರೆ? ಹಾಗೆಂದು ಹೇಳಿಯೇ ನೋಡೋಣ ಎನ್ನಲು ಇದೇನು ಇಲಿಯ ಮೇಲಿನ ಪ್ರಯೋಗವೇ? ಹೇಳಿ, ಇದ್ದ ನಾಲ್ಕು ಹನಿಯೂ ಬತ್ತಿದರೆ ಆರು ದಿನದ ಕೂಸಿಗೆ ಯಾರು ಉತ್ತರ ಕೊಡುತ್ತಾರೆ?

"ಸರ್, ಆ ಬಾಣ ಎಲ್ಲಿಗೆ ಹೋಗ್ತದ್ರಿ?"

ನಾಗರಾಜ ಬೆಚ್ಚಿ ತಿರುಗಿದ. ಕರಿಹಲಗೆಯ ಮೇಲೆ ಅವನು ಎಳೆಯುತ್ತಿದ್ದ ಬಾಣದ ಗೆರೆ ಅರ್ಧಕ್ಕೇ ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ಅವನಿಗೇ ತಿಳಿಯದು. ಶಿಕಾರಿಪುರದ ಕಾಲೇಜಿನಲ್ಲಿ ಅದು ಶನಿವಾರ ಬೆಳಗಿನ ತರಗತಿ. ತೊಂಬತ್ತಾರನೇ ಇಸವಿಯ ವಾರ್ಷಿಕ ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳು. ಎರಡನೇ ಪಿಯುಸಿಯ ನಲವತ್ತು ಮಕ್ಕಳು ಅವನ ಬೆನ್ನು ನೋಡುತ್ತ ಕೂತಿದ್ದರು.

"ಕೆಳಗೆ," ಎಂದು ಅವನು ಗೆರೆ ಮುಗಿಸಿದ. "ಆಕ್ಸಿಟೋಸಿನ್ ಹುಟ್ಟೋದು ಮೇಲೆ, ಹೈಪೋಥಲಾಮಸ್‌ನಲ್ಲಿ. ಹೊರಗೆ ಬೀಳೋದು ಕೆಳಗೆ, ಪಿಟ್ಯುಟರಿಯಲ್ಲಿ. ನಡುವೆ ನರತಂತುವಿನ ದಾರಿ."

ಈ ಪಾಠ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ಇಡೀ ಒಂದು ವರ್ಷ ಇಲಿಯ ಮೆದುಳಿನ ಬುಡದ ಸೀಳುಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವನು ಅವನು. ನರಕೋಶಗಳ ಉದ್ದಕ್ಕೂ ನೇರಳೆ ಬಣ್ಣದ ಪುಡಿ ಚೆಲ್ಲಿದಂತೆ ಕಾಣುತ್ತಿತ್ತು. ಒಂದೊಂದು ಕಣವೂ ಒಂದೊಂದು ಪೊಟ್ಟಣ. ಹಾರ್ಮೋನು ಹುಟ್ಟುವಾಗ ಉದ್ದನೆಯ ಸರಪಳಿ. ಅದರಲ್ಲಿ ಕೆಲಸಕ್ಕೆ ಬರುವುದು ಒಂದು ತುದಿಯ ಒಂಬತ್ತು ಕೊಂಡಿ ಮಾತ್ರ. ಜೀವಕೋಶ ಆ ಸರಪಳಿಯನ್ನು ತೆಳು ಪೊರೆಯಲ್ಲಿ ಕಟ್ಟುತ್ತದೆ, ಕತ್ತರಿಸುವ ಕಿಣ್ವವನ್ನೂ ಜೊತೆಗೇ ಇಟ್ಟು ಕಳಿಸುತ್ತದೆ. ಪ್ರಯಾಣದ ದಾರಿಯಲ್ಲೇ ಒಳಗೆ ಕತ್ತರಿಯ ಕೆಲಸ. ತುದಿ ತಲುಪಿದ ಪೊಟ್ಟಣ ಬಾಗಿಲ ಬಳಿ ಕಾಯುತ್ತ ನಿಲ್ಲುತ್ತದೆ. ಕೂಸು ಮೊಲೆಗೆ ಬಾಯಿ ಹಾಕಿದ ಸುದ್ದಿ ನರಗಳಲ್ಲಿ ಹರಿದು ಬಂದು, ಕ್ಯಾಲ್ಸಿಯಂ ಒಳನುಗ್ಗಿದಾಗ, ಪೊಟ್ಟಣದ ಪೊರೆ ಜೀವಕೋಶದ ಪೊರೆಗೆ ಅಂಟಿ ಹೊರಕ್ಕೆ ಬಾಯಿ ಬಿಡುತ್ತದೆ. ಆಗ ತಾಯಿಯ ಎದೆಯಲ್ಲಿ ಮೊದಲೇ ತುಂಬಿ ನಿಂತ ಹಾಲು ಇಳಿಯುತ್ತದೆ. ಹೆದರಿಕೆ, ನೋವು, ದುಃಖ ಅಡ್ಡ ಬಂದರೆ ಇಳಿಯುವುದಿಲ್ಲ. ಈ ಕೊನೆಯ ವಾಕ್ಯವನ್ನು ಪ್ರತಿವರ್ಷ ಹೇಳುತ್ತಿದ್ದವನು ಈ ಸಲ ಹೇಳದೇ ಬಿಟ್ಟ.

ಮುಂದಿನ ಬೆಂಚಿನ ಚೈತ್ರಶ್ರೀ ಕೈಯೆತ್ತಿದಳು. "ಹೊರಗೆ ಬೀಳದೇ ಉಳಿದ ಪೊಟ್ಟಣ ಏನಾಗ್ತಾವ್ರಿ ಸರ್?"

"ಬಹಳಷ್ಟು ಹಾಗೇ ಕಾಯ್ತಾ ಇರ್ತವೆ. ತೀರಾ ಹಳೇವಾದ್ರೆ ಜೀವಕೋಶವೇ ಅವನ್ನ ಒಳಗೇ ಅರಗಿಸ್ಕೊಂಡ್ಬಿಡುತ್ತೆ."

"ಅಂದ್ರೆ ಯಾರಿಗೂ ಗೊತ್ತಾಗಂಗಿಲ್ಲ."

"ಪರೀಕ್ಷೆಗೆ ಬರ್ತೈತೇನ್ ಸಾರ್ ಅದು?" ಎಂದು ಹಿಂದಿನ ಬೆಂಚು ಕೇಳಿತು.

"ಬರಲ್ಲ," ಎಂದ ನಾಗರಾಜ. ಮಕ್ಕಳು ನಕ್ಕರು. ಗಂಟೆ ಹೊಡೆಯಿತು.

ಅಧ್ಯಾಪಕರ ಕೋಣೆಯಲ್ಲಿ ಕನ್ನಡ ಪಾಠದ ವೀರಬಸಪ್ಪ ಚಹಾದ ಲೋಟ ಹಿಡಿದು ಕಾಯುತ್ತಿದ್ದ. "ಏನ್ರೀ ನಾಗರಾಜ್, ಅಪ್ಪ ಆದೋರು ಪೇಡೆ ತರ್ತಾರ. ನೀವು ಬರೇ ಮುಖ ತಂದೀರಲ್ಲ."

ನಾಗರಾಜ ನಗಲಿಲ್ಲ. ವಿಷಯವನ್ನು ಅವನಿಗೆ ಎರಡು ದಿನದ ಹಿಂದೆಯೇ ಹೇಳಿಕೊಂಡಿದ್ದ. ಹೆಂಡತಿ ನಯನ ಚೊಚ್ಚಲ ಹೆರಿಗೆಗೆಂದು ಸೊರಬದ ತವರಿನಲ್ಲಿದ್ದಾಳೆ. ಹೋದ ಭಾನುವಾರ ಹೆಣ್ಣು ಕೂಸು ಹುಟ್ಟಿದೆ. ಅದಕ್ಕೆ ಮೂರು ದಿನ ಮೊದಲು, ಗುರುವಾರ, ಉಡುತಡಿಯಲ್ಲಿ ನಯನಳ ಅಜ್ಜಿ ಮೂಕಮ್ಮ ತೀರಿಕೊಂಡಿದ್ದಾಳೆ. ಅದು ನಯನಳಿಗೆ ಇನ್ನೂ ಗೊತ್ತಿಲ್ಲ. ಅಜ್ಜಿ ಹಿತ್ತಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾಳೆ, ಅದಕ್ಕೇ ಬಾಣಂತನಕ್ಕೆ ಬಂದಿಲ್ಲ ಎಂದು ಮನೆಯವರೆಲ್ಲ ಸೇರಿ ಹೇಳಿದ್ದಾರೆ.

"ನೀವು ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ," ಎಂದ ವೀರಬಸಪ್ಪ. "ಹಸಿ ಬಾಣಂತಿಗೆ ಸಾವಿನ ಸುದ್ದಿ ಹೇಳಂಗಿಲ್ಲ. ನಮ್ಮವ್ವಗ ಅವರಪ್ಪ ತೀರ್ಕೊಂಡಿದ್ದು ಮೂರು ತಿಂಗಳು ಬಿಟ್ಟು ಹೇಳಿದ್ರಂತ."

"ಆಮೇಲೆ?"

"ಆಮೇಲೇನು. ಒಂದು ವರ್ಷ ನಮ್ಮಪ್ಪನ ಕೂಡ ನೆಟ್ಟಗ ಮಾತಾಡ್ಲಿಲ್ಲಂತ. ಆದ್ರ ಹಾಲಿಗೇನೂ ಕಮ್ಮಿ ಆಗ್ಲಿಲ್ಲ, ನೋಡ್ರಿಲ್ಲೆ," ಎಂದು ವೀರಬಸಪ್ಪ ತನ್ನ ಹೊಟ್ಟೆ ತಟ್ಟಿಕೊಂಡ.

ಇಲ್ಲಿ ಕಮ್ಮಿಯಾಗಿತ್ತು. ಅದೇ ಗೋಳು. ಮಂಗಳವಾರ ಹೋದಾಗಲೇ ಅತ್ತೆ ನಿರ್ಮಲಮ್ಮ ದನಿ ತಗ್ಗಿಸಿ ಹೇಳಿದ್ದಳು: ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿದೆ, ಹಾಲು ಇದೆ, ಆದರೆ ತೊರೆ ಬಿಡುತ್ತಿಲ್ಲ. ಕೂಸು ಚೀಪಿ ಚೀಪಿ ಸೋತು ಅಳುತ್ತದೆ. ಒಳಲೆಯಲ್ಲಿ ಹಸುವಿನ ಹಾಲು ಹಾಕಿದರೆ ಕಕ್ಕುತ್ತದೆ.

ಮನೆಗೆ ಬಂದಾಗ ತಾಯಿ ಡಬ್ಬಿ ಕಟ್ಟಿ ಸಿದ್ಧವಾಗಿಟ್ಟಿದ್ದಳು. ಅದು ಮೂಕಮ್ಮನ ಡಬ್ಬಿ. ಬಿಸ್ಕತ್ತು ಬರುತ್ತಿದ್ದ ಹಳೆಯ ತಗಡಿನದು, ಮುಚ್ಚಳದ ಮೇಲಿನ ಗಿಳಿಯ ಚಿತ್ರ ಅರ್ಧ ಸವೆದದ್ದು. ನಿರ್ಮಲಮ್ಮ ಮೇಲಿಂದ ಮೇಲೆ ಕಾಯಿಲೆ ಬಿದ್ದ ವರ್ಷಗಳಲ್ಲಿ ನಯನ ಉಡುತಡಿಯ ಅಜ್ಜಿ ಮನೆ ಸೇರಿ, ಹತ್ತನೇ ತರಗತಿಯವರೆಗೆ ಅಲ್ಲೇ ಬೆಳೆದಿದ್ದಳು. ಆಮೇಲೆ ಶಿಕಾರಿಪುರದ ಹಾಸ್ಟೆಲಿಗೆ ವಾರಕ್ಕೊಂದು ಸಲ ಬಸ್ಸಿನವರ ಕೈಯಲ್ಲಿ ಈ ಡಬ್ಬಿ ಬರುತ್ತಿತ್ತು. ಅಜ್ಜಿಯ ಮಣ್ಣು ಮುಗಿದ ಮಾರನೇ ದಿನ ಮೂಕಮ್ಮನ ಮಗ ರಂಗಪ್ಪನ ಮನೆಯಿಂದ ಅದನ್ನು ಇಸಿದು ತಂದದ್ದು ನಾಗರಾಜನೇ. ಬಾಣಂತಿ ಖಾರದ ಉಂಡೆ ಅಜ್ಜಿಯ ಡಬ್ಬಿಯಲ್ಲಿ ಹೋದರೆ ನಯನ ಅನುಮಾನ ಪಡುವುದಿಲ್ಲ ಎಂಬ ಉಪಾಯವೂ ಅವನದೇ. ಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ, ಬೆಲ್ಲ ತುಪ್ಪ ಹಾಕಿ ಉಂಡೆ ಕಟ್ಟಿದ್ದು ಅವನ ತಾಯಿ. ಮಂಗಳವಾರ ಒಂದು ಸಲ ಹೋಗಿ ಖಾಲಿಯಾಗಿ ಬಂದಿತ್ತು. ಈಗ ಎರಡನೇ ಸಲ.

"ಇದೇ ಕೊನೆ," ಎಂದಳು ತಾಯಿ. "ಸತ್ತೋರ ಹೆಸರಲ್ಲಿ ಇನ್ನು ನಾನು ಉಂಡೆ ಕಟ್ಟಲ್ಲಪ್ಪ."

ಮಧ್ಯಾಹ್ನದ ಬಸ್ಸು ಶಿರಾಳಕೊಪ್ಪದ ನಿಲ್ದಾಣದಲ್ಲಿ ಕಾಲು ಗಂಟೆ ನಿಂತಿತು. ನಾಗರಾಜ ಡಬ್ಬಿಯನ್ನು ತೊಡೆಯಿಂದ ಪಕ್ಕಕ್ಕಿಟ್ಟ, ಮತ್ತೆ ತೊಡೆಗೆ ತೆಗೆದುಕೊಂಡ. ಇಳಿದು ನೀರು ಕುಡಿದು ಬಂದ. ಕೂತ ಜಾಗ ಸರಿಯಿಲ್ಲವೆನಿಸಿ ಕಿಟಕಿ ಬದಲಿಸಿದ. ಇಲ್ಲಿಂದ ಉಡುತಡಿಯ ದಾರಿ ಒಡೆಯುತ್ತದೆ. ಹತ್ತು ದಿನದ ಹಿಂದೆ, ಬುಧವಾರ, ಮೂಕಮ್ಮನಿಗೆ ಕೊನೆಗಾಲವೆಂಬ ಸುದ್ದಿ ತಿಳಿದು ಅವನು ಈ ನಿಲ್ದಾಣದಲ್ಲೇ ಇಳಿದು ಹೋಗಿದ್ದ. ಆ ಬುಧವಾರದ ಸಂಜೆಯ ಹತ್ತಿರಕ್ಕೆ ಮನಸ್ಸು ಹೋದಾಗಲೆಲ್ಲ ಅವನು ಬೇರೆ ಏನನ್ನಾದರೂ ಎಣಿಸಲು ತೊಡಗುತ್ತಿದ್ದ. ಈಗ ಮುಂದಿನ ಸೀಟಿನ ಸರಳುಗಳನ್ನು ಎಣಿಸಿದ.

ಹೇಳಬೇಕು ಎಂದು ತೀರ್ಮಾನಿಸಿದಾಗ ಬಸ್ಸು ಹೊರಟಿತು. ಸೊರಬ ಬರುವಷ್ಟರಲ್ಲಿ, ಹೇಳಬಾರದು ಎಂದೂ ತೀರ್ಮಾನವಾಗಿತ್ತು.

ಮಾವ ಹನುಮಂತಪ್ಪ ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕಾಲಿಗೆ ನೀರು ಕೊಟ್ಟು, ಅಳಿಯ ಕೂತಮೇಲೆ ಬಗ್ಗಿ ಹೇಳಿದ. "ನಿನ್ನೆ ಸಿಸ್ಟರ್ ಬಂದು ತಕ್ಕಡಿಗೆ ಹಾಕಿದ್ರು. ಹುಟ್ಟಿದಾಗ ಎರಡು ಕೆಜಿ ನಾನೂರು. ಈಗ ಎರಡು ಕೆಜಿ ನೂರಕ್ಕೆ ಇಳಿದದೆ. ಸೋಮವಾರದೊಳಗೆ ಏರ್ಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ ತಗಂಡು ಹೋಗ್ಬೇಕಂತೆ."

"ಹೇಳ್ಬಿಡೋಣವಾ ಮಾವ?"

ಹನುಮಂತಪ್ಪನ ಕೈ ನಿಂತಿತು. "ಏನಂತ ಮಾತಾಡ್ತೀರಿ ಮಾರಾಯ್ರೆ. ಹೇಳದೇನೇ ಈ ಕತೆ. ಹೇಳಿದ್ರೆ ಉಳ್ಕಂಡಿದ್ದೂ ಬತ್ತಿ ಹೋಗ್ತದೆ. ಹನ್ನೊಂದನೇ ದಿನದ ನೀರು ಆಗ್ಲಿ. ಓದಿದೋರು ನೀವು, ನಿಮಗೆ ನಾ ಹೇಳ್ಬೇಕಾ?"

ಓದಿದ್ದರಲ್ಲೂ ಇದೇ ಇತ್ತು. ಅಲ್ಲೇ ನಾಗರಾಜ ಸಿಕ್ಕಿಕೊಂಡಿದ್ದ. ಊರಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದದ್ದು, ಧಾರವಾಡದ ಪುಸ್ತಕಗಳು ಹೇಳಿದ್ದು, ಎರಡೂ ಒಂದೇ ಕಡೆ ಬಂದು ನಿಂತಿದ್ದವು. ಜಗಳವಾಡಲು ಅವನಿಗೆ ಜಾಗವೇ ಇರಲಿಲ್ಲ. ಹಾಗಿದ್ದರೂ ಒಳಗೆ ಏನೋ ಒಪ್ಪುತ್ತಿರಲಿಲ್ಲ.

ನಿರ್ಮಲಮ್ಮ ಹೊರಗೆ ಬಂದು ಡಬ್ಬಿ ಇಸಿದುಕೊಂಡಳು. ತನ್ನ ಹೆತ್ತ ತಾಯಿಯ ಡಬ್ಬಿಯನ್ನು ಹಿಡಿದ ಕೈ ಒಂದಿಷ್ಟೂ ಅಲುಗಲಿಲ್ಲ. ಗುರುವಾರ ಬೆಳಿಗ್ಗೆ ಮಗಳಿಗೆ ಸುಳ್ಳು ಹೇಳಿ ಉಡುತಡಿಗೆ ಹೋದವಳು, ಮಣ್ಣು ಮುಗಿಸಿ ಸಂಜೆಗೇ ತಿರುಗಿ ಬಂದು, ತಲೆಗೆ ಮಿಂದು, ದಿನ ತುಂಬಿದ ಮಗಳ ಮುಂದೆ ಸೊಪ್ಪು ಸೋಸುತ್ತ ಕೂತಿದ್ದಳು. ಆ ಹೊತ್ತಿನಿಂದ ಅವಳ ಕಣ್ಣು ಒಣಗಿಯೇ ಇದ್ದವು. ಬಾಣಂತಿ ಮನೆಯಲ್ಲಿ ಅಳುವ ಹಾಗಿಲ್ಲ.

ಬಾಣಂತಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹನ್ನೊಂದು ದಿನ ಗಂಡಸರು ಆ ಹೊಸ್ತಿಲು ದಾಟುವುದಿಲ್ಲ, ಗಂಡನಾದರೂ. ನಾಗರಾಜ ಹೊರಗೆ ಗೋಡೆಗೊರಗಿ ಕೂತ. ಕೆಂಡಕ್ಕೆ ಹಾಕಿದ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹೊರಗೆ ಬರುತ್ತಿತ್ತು. ಅದರ ಜೊತೆ ಕೂಸಿನ ಅಳು. ಮಂಗಳವಾರದ ಅಳುವಿಗಿಂತ ಅದು ಸಣ್ಣದಾಗಿತ್ತು. ಅಳುವುದಕ್ಕೂ ಶಕ್ತಿ ಬೇಕಲ್ಲ.

"ಬಂದ್ರಾ?" ನಯನಳ ದನಿ.

"ಹ್ಞೂ."

"ಅಜ್ಜಿ ಹೆಂಗಿದಾಳೆ?"

"ಹಾಗೇ ಇದಾರೆ. ಕಾಲು ಊರಕ್ಕೆ ಆಗಲ್ಲ. ಪಟ್ಟಿ ಕಟ್ಟಿದಾರೆ."

"ಯಾವ ಕಾಲು?"

ಮಂಗಳವಾರ ಯಾವ ಕಾಲು ಎಂದಿದ್ದೆ? "ಬಲಗಾಲು."

ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಉಂಡೆಗಳನ್ನು ಒಂದೊಂದಾಗಿ ತಟ್ಟೆಗೆ ತೆಗೆದಿಡುವ ಸದ್ದು. ಆಮೇಲೆ ಕಾಗದ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಕೂಸು ಕೂಡ ಸುಮ್ಮನಾಗಿತ್ತು.

"ಅವ್ವ," ಎಂದು ಕರೆದಳು ನಯನ. "ಇಲ್ಲಿ ಬಾ. ಬಾಗ್ಲು ಹಾಕ್ಬೇಡ, ಅವರೂ ಕೇಳ್ಲಿ."

ನಿರ್ಮಲಮ್ಮ ಸೆರಗಿಗೆ ಕೈ ಒರೆಸುತ್ತ ಒಳಗೆ ಹೋದಳು.

"ಈ ಡಬ್ಬಿ ಯಾರು ತುಂಬಿದ್ದು?"

"ಮತ್ಯಾರು ತುಂಬ್ತಾರೆ? ನಿಮ್ಮಜ್ಜಿ. ಕೂತಲ್ಲೇ ಕೂತು ಕಟ್ಟಿರ್ಬೇಕು."

"ಅಜ್ಜಿ ತುಂಬಿಲ್ಲ ಅವ್ವ." ನಯನ ನಿಧಾನವಾಗಿ, ಲೆಕ್ಕ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. "ಹಾಸ್ಟೆಲಿಗೆ ಕಳಿಸ್ತಿದ್ದಾಗಿಂದ ಅಜ್ಜಿ ಕೆಳಗಿನ ಕಾಗದದ ಅಡಿಗೆ ಒಂದು ಹರಳು ಕಲ್ಲುಸಕ್ಕರೆ ಇಡ್ತಾಳೆ. ಬೇರೆ ಹುಡುಗೀರಿಗೆ ಕಾಣದ ಹಂಗೆ, ನನಗೊಬ್ಬಳಿಗೆ. ನಾನೂ ವಾಪಸ್ ಕಳಿಸುವಾಗ ಅಲ್ಲೇ ಏನಾದ್ರೂ ಇಟ್ಟು ಕಳಿಸ್ತಿದ್ದೆ. ಒಂದು ಹೂವು, ಒಂದು ಪಿನ್ನು. ಇಷ್ಟು ವರ್ಷಕ್ಕೂ ಖಾಲಿ ಹೋಗಿಲ್ಲ, ಖಾಲಿ ಬಂದಿಲ್ಲ. ಮಂಗಳವಾರ ಏನೂ ಇರ್ಲಿಲ್ಲ. ಕಾಲು ನೋವಲ್ಲಿ ಮರ್ತಿರ್ಬೇಕು ಅಂತ ಸಮಾಧಾನ ಮಾಡ್ಕಂಡೆ. ಪಾಪುಗೆ ಮೊದ್ಲು ಸುತ್ತಿದ ಬಟ್ಟೆದು ಒಂದು ಚೂರು ಹರಿದು ಇಟ್ಟು ಕಳ್ಸಿದ್ದೆ, ವಾಸನೆ ನೋಡ್ಲಿ ಅಂತ."

ಕಾಗದ ಮತ್ತೆ ಸರಿದ ಸದ್ದಾಯಿತು.

"ಅದು ಇಟ್ಟಲ್ಲೇ ಐತೆ. ಮಡಿಕೆ ಕೂಡ ಬಿಚ್ಚಿಲ್ಲ. ಅಜ್ಜಿ ಇದ್ದಿದ್ರೆ ಮೊದ್ಲು ಅಲ್ಲೇ ಕೈ ಹಾಕ್ತಿದ್ಲು."

ಗೋಡೆಗೊರಗಿದ್ದ ನಾಗರಾಜ ನೆಟ್ಟಗೆ ಕೂತ. ಅವನ ತಾಯಿ ಹಳೆಯ ಕಾಗದ ಚೆನ್ನಾಗಿಯೇ ಇದೆಯೆಂದು ಅದರ ಮೇಲೇ ಉಂಡೆ ಜೋಡಿಸಿದ್ದಳು. ಅವನು ನೋಡುತ್ತಲೇ ನಿಂತಿದ್ದ.

"ಹಂಗೆಲ್ಲ ಏನಿಲ್ಲ ಕಣೆ," ಎಂದು ನಿರ್ಮಲಮ್ಮ ಶುರು ಮಾಡಿದಳು. "ವಯಸ್ಸಾತು, ಮರೆವು..." ಮಾತು ಅಲ್ಲಿಗೇ ನಿಂತಿತು. ಅವಳು ನೆಲಕ್ಕೆ ಕುಸಿದು ಕೂತದ್ದು ಅರ್ಧ ಬಾಗಿಲಿನಿಂದ ಕಾಣಿಸಿತು. "ಹೋದ್ಲು ನಯನ. ನಮ್ಮವ್ವ ಹೋದ್ಲು."

ನಮ್ಮವ್ವ ಎಂಬ ಆ ಮಾತು ನಾಗರಾಜನಿಗೆ ಹೊಡೆದಂತೆ ತಾಗಿತು. ಒಂಬತ್ತು ದಿನದಿಂದ ಅವನು ಮೂಕಮ್ಮನನ್ನು ನಯನಳ ಅಜ್ಜಿ ಎಂದಷ್ಟೇ ಎಣಿಸಿದ್ದ. ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು ಈ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಬಾಣಂತಿಗೆ ಅನ್ನ ಬಡಿಸುತ್ತಿದ್ದಾಳೆ ಎಂದು ಅವನಿಗೆ ಹೊಳೆದಿರಲೇ ಇಲ್ಲ.

ನಿರ್ಮಲಮ್ಮನ ಅಳು ಮೊದಲು ಕೆಮ್ಮಿನ ಹಾಗೆ ಬಂತು, ಆಮೇಲೆ ತಡೆಯಿಲ್ಲದೆ ಬಂತು. ಹನುಮಂತಪ್ಪ ಹಗ್ಗ ಬಿಸಾಡಿ ಎದ್ದು ಬಂದ. "ಏನ್ ಮಾಡ್ದೆ ನೀನು. ಹಸಿ ಬಾಣಂತಿ ಅವಳು. ಕೂಸಿನ ಗತಿ ಏನು?"

"ಅಪ್ಪ, ಅವಳನ್ನ ಬೈಬೇಡ," ಎಂದಳು ನಯನ ಒಳಗಿನಿಂದ. ಅವಳ ದನಿಯೂ ಒಡೆದಿತ್ತು. "ಮಂಗಳವಾರನೇ ನನಗೆ ಅನುಮಾನ ಬಂದಿತ್ತು. ನೀವೆಲ್ಲ ಅಷ್ಟು ಹೆದರ್ಕಂಡಿದ್ರಿ, ನಾ ಕೇಳಿಬಿಟ್ರೆ ಅವ್ವನ ಗತಿ ಏನು ಅಂತ ಸುಮ್ನಿದ್ದೆ. ಅವಳು ದಿನಾ ಇಲ್ಲಿ ಕೂತು ನಗ್ತಾಳೆ. ಅದನ್ನ ನೋಡಕ್ಕಾಗ್ತಿರ್ಲಿಲ್ಲ."

ಅಮ್ಮ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಡುವೆ ಸಿಕ್ಕಿದ ಕೂಸು ಎಚ್ಚರವಾಗಿ ಕಿರುಗುಟ್ಟಿತು. ನಯನ ಅಳುತ್ತಲೇ, ಏನು ಮಾಡುತ್ತಿದ್ದೇನೆಂಬ ಗಮನವೂ ಇಲ್ಲದೆ ಅದನ್ನು ಎದೆಗೆ ಹಾಕಿಕೊಂಡಳು. ನಿರ್ಮಲಮ್ಮ ಅವಳ ಬೆನ್ನು ಸವರುತ್ತ, ಅವ್ವ ಗಂಜಿ ಕುಡಿಯಲಿಲ್ಲವಂತೆ, ಅವ್ವನಿಗೆ ಹೊಸ ಸೀರೆ ಉಡಿಸಿದೆವು, ಎಂದು ತಡೆದಿಟ್ಟದ್ದನ್ನೆಲ್ಲ ಹೇಳತೊಡಗಿದಳು.

"ಅವ್ವ," ಎಂದಳು ನಯನ ಇದ್ದಕ್ಕಿದ್ದಂತೆ, ಬೇರೆಯೇ ದನಿಯಲ್ಲಿ. "ಏನೋ ಜುಮ್ ಅಂತು."

ನಾಗರಾಜ ಎದ್ದು ನಿಂತ. ಕಾಲು ಹೊಸ್ತಿಲಾಚೆ ಇತ್ತು; ದಾಟಿದ್ದು ಯಾವಾಗ ಎಂದು ಅವನಿಗೂ, ತಡೆಯಬೇಕಾದ ಮಾವನಿಗೂ ತಿಳಿಯಲಿಲ್ಲ. ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿಯಿಟ್ಟುಕೊಂಡು, ಮುಖವೆಲ್ಲ ಒದ್ದೆಯಾಗಿ ಕೂತಿದ್ದಳು ನಯನ. ಕೂಸಿನ ಬಾಯಿಗಿಲ್ಲದ ಬದಿಯಲ್ಲಿ ರವಿಕೆ ತೊಯ್ದು ಹನಿ ತೊಟ್ಟಿಕ್ಕುತ್ತಿತ್ತು. ಕೂಸಿಗೆ ಒಮ್ಮೆಲೇ ಬಂದದ್ದು ನೆತ್ತಿಗೇರಿ ಕೆಮ್ಮು ಬಂತು. ನಿರ್ಮಲಮ್ಮ ಅಳು ನಿಲ್ಲಿಸದೆಯೇ ಅದರ ತಲೆ ಎತ್ತಿ ಹಿಡಿದು, "ಮೆಲ್ಲಗೆ, ಮೆಲ್ಲಗೆ ನನ್ನವ್ವ," ಎಂದಳು. ಆಮೇಲೆ ಆ ಕೋಣೆಯಲ್ಲಿ ಕೇಳಿದ್ದು ಗುಟುಕರಿಸುವ ಸದ್ದು. ಒಂದು ಗುಟುಕು, ಒಂದು ಉಸಿರು.

ನೇರಳೆ ಕಣಗಳನ್ನು ನೆನೆಯಲು ನೋಡಿದ ನಾಗರಾಜ. ಈ ಕ್ಷಣ ಅವಳ ತಲೆಯೊಳಗೆ ಸಾವಿರಾರು ಪೊಟ್ಟಣಗಳು ಒಟ್ಟಿಗೆ ಬಾಯಿ ಬಿಡುತ್ತಿವೆ ಎಂದು ತನಗೆ ತಾನೇ ಹೇಳಿಕೊಂಡ. ಅತ್ತದ್ದರಿಂದಲೋ, ತಾಯಿಯ ಕೈ ಬೆನ್ನ ಮೇಲೆ ಬಿದ್ದದ್ದರಿಂದಲೋ, ಆರನೇ ದಿನಕ್ಕೆ ಹೇಗೂ ಇಳಿಯುತ್ತಿತ್ತೋ, ಯಾರು ಹೇಳಬಲ್ಲರು? ಇರುವುದು ಒಂದೇ ಕೂಸು. ಹೋಲಿಸಿ ನೋಡಲು ಇನ್ನೊಂದಿಲ್ಲ. ಹೊರಗೆ ಹನುಮಂತಪ್ಪ, "ಕುಡೀತಿದೆಯಾ?" ಎಂದು ಮೂರು ಸಲ ಕೇಳಿದ. ಮೂರನೇ ಸಲಕ್ಕೆ ಯಾರೋ ಹ್ಞೂ ಎಂದರು.

ಐದೂವರೆಯ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ನಿರ್ಮಲಮ್ಮ ಮುಖ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಕೂಸು ಬಾಯಿ ತೆರೆದುಕೊಂಡೇ ಮಲಗಿತ್ತು. ಇನ್ನು ಮೈಲಿಗೆ ಆಗಿಹೋಯಿತಲ್ಲ ಎಂದು ನಾಗರಾಜನನ್ನು ಯಾರೂ ಹೊರಗೆ ಕಳಿಸಲಿಲ್ಲ.

"ಯಾವತ್ತು ಹೋದ್ಲು?" ಎಂದು ಕೇಳಿದಳು ನಯನ.

"ಗುರುವಾರ. ಬೆಳಗಿನ ಜಾವ."

"ನೀವಿದ್ರಾ?"

"ಇದ್ದೆ. ಬುಧವಾರನೇ ಹೋಗಿದ್ದೆ."

ಅವಳು ಕೂಸಿನ ಹಣೆಯ ಮೇಲೆ ಬೆರಳಾಡಿಸಿದಳು. ಮುಖ ಬಾಡಿದ್ದರೂ ಹಗುರವಾಗಿತ್ತು. ಎಷ್ಟೋ ದಿನದಿಂದ ಅವನು ಅವಳ ಮುಖ ಅಷ್ಟು ಹಗುರವಾಗಿದ್ದುದನ್ನು ನೋಡಿರಲಿಲ್ಲ.

"ನನ್ನ ಕೇಳಿದ್ಲಾ?"

ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ನಾಗರಾಜ ಅದನ್ನೇ ನೋಡಿದ.

"ಮಾತಿರ್ಲಿಲ್ಲ ಅವರಿಗೆ," ಎಂದ. "ನಾ ಹೋಗೋ ಹೊತ್ತಿಗೇ ಜ್ಞಾನ ತಪ್ಪಿತ್ತು."

"ಒಳ್ಳೇದಾತು ಬಿಡಿ," ಎಂದಳು ನಯನ. "ಕಾಯ್ತಾ ಇದ್ಲೇನೋ ಅಂತ ಇತ್ತು ನನಗೆ." ಅವಳು ಕಣ್ಣು ಮುಚ್ಚಿಕೊಂಡಳು.

ಬುಧವಾರ ಸಂಜೆಯವರೆಗೂ ಮೂಕಮ್ಮನಿಗೆ ಮಾತಿತ್ತು. ನಯನಳನ್ನು ಒಂದು ಸಲ ನೋಡಬೇಕೆಂದು ಅವಳು ಕೇಳಿದ್ದಳು, ಬಾಗಿಲ ಕಡೆ ಮುಖ ಮಾಡಿಸಿ ಮಲಗಿಸಿ ಎಂದಿದ್ದಳು. ಕಾರು ಮಾಡಿ ಕರೆಸೋಣವೇ ಎಂದು ರಂಗಪ್ಪ ಕೇಳಿದಾಗ, ದಿನ ತುಂಬಿದವಳು, ಬೇಡ ಎಂದವನು ತಾನೇ ಎಂಬುದನ್ನು ನಾಗರಾಜ ಆ ದಿನ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.